ಹತ್ತು ತೆತ್ರಿ

ತ್ಬಿಲಿಸಿಯ ಈ ಹಳೆಯ ಕಟ್ಟಡದಲ್ಲಿ ಲಿಫ್ಟು
ಪುಕ್ಕಟೆ ಮೇಲೇರುವುದಿಲ್ಲ.
ಗೋಡೆಯ ಡಬ್ಬಿಗೆ ಹತ್ತು ತೆತ್ರಿ ಹಾಕಬೇಕು.
ಹಾಕುವ ಹಕ್ಕು ತೇಕ್ಲೆಯದು,
ಎರಡೂವರೆ ವರ್ಷದ ಖಜಾಂಚಿ.

ದಿನಾ ಅದೇ ಮಾತು.
‘ತಿಂತಾ?’
‘ತಿಂತು.’
‘ಹೊಟ್ಟೆ ತುಂಬ್ತಾ?’
‘ಒಂಬತ್ತನೇ ಮಹಡಿವರೆಗೆ ಸಾಕು.’
‘ಆಮೇಲೆ?’
‘ಆಮೇಲೆ ಮತ್ತೆ ಹಸಿವು.’
‘ನಂಗೂ’ ಎನ್ನುತ್ತಾಳೆ,
ಅಪ್ಪನ ಕಂಕುಳಲ್ಲಿರುವ ಬಿಸಿ ಶೋತಿ ರೊಟ್ಟಿಯ ಮೂತಿಯನ್ನು
ಆಗಲೇ ಇಲಿಯ ಹಾಗೆ ಕಡಿದು ಮುಗಿಸಿ.

ಒಂದು ಮಾತು ಹೇಳಬೇಕು ಇಲ್ಲಿ:
ಈ ಜನರ ಭಾಷೆಯಲ್ಲಿ ಮಾಮಾ ಎಂದರೆ ಅಪ್ಪ.
ಸೋದರಮಾವನಲ್ಲ, ಚಂದಮಾಮನೂ ಅಲ್ಲ, ಹೆತ್ತ ಅಪ್ಪ.
ಅದಕ್ಕಿಂತ ಸೋಜಿಗ,
ಅಪ್ಪನೂ ಮಗಳನ್ನು ಮಾಮಾ ಎಂದೇ ಕರೆಯುತ್ತಾನೆ,
ಬಾ ಮಾಮಾ, ಶೂ ಹಾಕ್ಕೋ ಮಾಮಾ,
ನಾವು ಮೊಣಕಾಲುದ್ದದ ಹುಡುಗಿಗೆ
ಬಾರಮ್ಮಾ ತಾಯೀ ಎನ್ನುವ ಹಾಗೆ.
ಕದದಾಚೆ ನಿಂತು ಇವರಿಬ್ಬರನ್ನು ಕೇಳಿದರೆ
ಯಾರು ಯಾರನ್ನು ಕರೆದದ್ದು
ಹೇಳುವುದು ಕಷ್ಟ.

ಇವತ್ತು ಕರೆಂಟಿಲ್ಲ.

‘ಕಲೆಂಟು ಎಲ್ಲಿ?’
‘ಹೋಗಿದೆ.’
‘ಎಲ್ಲಿಗೆ?’
ವಾಝಾ ಯೋಚಿಸುತ್ತಾನೆ,
ಬೆಳಗಿನಿಂದ ಬಸ್ಸುಗಳ ಬ್ರೇಕು ಬಿಚ್ಚಿ ಕಟ್ಟಿದ ತಲೆ.
‘ಗೊತ್ತಿಲ್ಲ ಮಾಮಾ.’
‘ಟಾಟಾ ಮಾಡ್ತಾ?’
‘ಮಾಡಲಿಲ್ಲ.’
‘ಕೆಟ್ಟ ಕಲೆಂಟು.’

ಸರಿ, ಮೆಟ್ಟಿಲು. ಎಣಿಕೆ ಅವಳದು:
ಒಂದು, ಎರಡು, ಐದು, ಐದು, ಐದು.

ಎರಡನೇ ಮಹಡಿಯಲ್ಲಿ ಬೆಕ್ಕು.
‘ಇದಕ್ಕೂ ಕಲೆಂಟಿಲ್ವಾ?’
‘ಇಲ್ಲ.’
‘ಪಾಪ.’
ಮೂರರಲ್ಲಿ ಯಾರದೋ ಮನೆಯ ಬೀನ್ಸು ಬೇಯುತ್ತಿದೆ,
ಕೊತ್ತಂಬರಿಯ ಘಮ ಮೆಟ್ಟಿಲಿಗೂ ಇಳಿದಿದೆ.
‘ನಮ್ದಾ?’
‘ನಮ್ಮದಲ್ಲ.’
‘ಯಾಕೆ ನಮ್ದಲ್ಲ?’
ಈ ಪ್ರಶ್ನೆಯನ್ನು ಹೊತ್ತುಕೊಂಡೇ ನಾಲ್ಕಕ್ಕೆ.
ತ್ಸಿಯಾಲಾ ಅಜ್ಜಿ ಕದ ಸರಿಸಿ ಮೇಣದ ಬತ್ತಿ ಹೊರಗೆ ಚಾಚಿ
‘ಯಾರದು?’
‘ನಾನು’ ಎಂದಳು ತೇಕ್ಲೆ.
ಅಷ್ಟು ಸಾಕಾಯಿತು ಅಜ್ಜಿಗೆ. ಕದ ಮುಚ್ಚಿತು.

ಐದರಲ್ಲಿ ಕೂತೇಬಿಟ್ಟಳು.
‘ಕಾಲು ಮುಗೀತು.’
‘ಎರಡೂ?’
ಬಗ್ಗಿ ನೋಡಿಕೊಂಡಳು.
‘ಎರಡೂ.’

ಉಪ್ಪಿನಮೂಟೆ ಬೆನ್ನಿಗೇರಿತು, ರೊಟ್ಟಿಯ ಚೀಲ ಹಲ್ಲಿಗೆ.
ಇನ್ನು ಅವನಿಗೆ ಉತ್ತರಿಸುವ ಬಾಯಿಲ್ಲ,
ಅವಳಿಗೆ ಕೇಳುವ ಬಾಯಿಗೆ ಬಿಡುವಿಲ್ಲ.
ಆರು.
ಏಳರ ತಿರುವಿನಲ್ಲಿ ನಿಂತ, ಗೋಡೆಗೆ ಅಂಗೈ ಊರಿ.
ಏದುಸಿರು. ಕತ್ತಲು.
ಅವಳೂ ಸುಮ್ಮನಾದಳು ಒಂದು ಗಳಿಗೆ.

ಆಮೇಲೆ ಕಿವಿಯ ಹಿಂದಿನಿಂದ:
‘ಇನ್ನೊಂಚೂಲೇ ಮಾಮಾ.
ಬಂದೇಬಿತ್ತು.
ಜಾಣ ಅಲ್ವಾ ನೀನು.’

ಶಿಶುವಿಹಾರದ ದಿಬ್ಬದಲ್ಲಿ ದಿನಾ ಬೆಳಿಗ್ಗೆ ಅವನು ಹೇಳುವ ಸುಳ್ಳು,
ಅದೇ ರಾಗ, ಅದೇ ನಿಲುಗಡೆ.
ರೊಟ್ಟಿ ಮೆತ್ತಿದ ಪುಟ್ಟ ಕೈ
ಕುರುಚಲು ಗಡ್ಡವನ್ನು ಎರಡು ಸಲ ತಟ್ಟಿತು.
ಅವನನ್ನು ಹೀಗೆ ರಮಿಸಿ, ಹೀಗೆ ಮಾಮಾ ಎಂದವನು
ಗೋರಿಯ ಕಡೆಯ ಒಬ್ಬ ಮನುಷ್ಯ,
ಕೋಟಿನ ತುಂಬ ಸೇಬಿನ ವಾಸನೆ ಇದ್ದವನು.
ಹದಿನಾರು ಚಳಿಗಾಲವಾಯಿತು.

ಚೀಲ ಕಚ್ಚಿದ ಬಾಯಲ್ಲೇ ವಾಝಾ ‘ಹೂಂ’ ಎಂದ,
ಮಗನಂತೆ.

ಒಂಬತ್ತು.
‘ಶ್, ಅಮ್ಮ ಮಲಗಿದ್ದಾಳೆ, ರಾತ್ರಿ ಡ್ಯೂಟಿ.’
‘ಶ್!’ ಎಂದು ಕಿರುಚಿದಳು ಅವಳೂ.
ಕೀಲಿಕೈ ತಡಕುತ್ತಿರುವಾಗ ತಲೆಯ ಮೇಲಿನ ಬಲ್ಬು
ಎರಡು ಸಲ ಕಣ್ಣು ಹೊಡೆದು ಹತ್ತಿತು.
ತೀರ ಕೆಳಗೆ ಎಲ್ಲೋ
ಲಿಫ್ಟು ನರಳಿ ಎದ್ದಿತು.

ತೇಕ್ಲೆ ಮುಷ್ಟಿ ಬಿಚ್ಚಿದಳು.
ಹತ್ತು ತೆತ್ರಿ, ಬೆವರಿ, ಬೆಚ್ಚಗೆ.
‘ಮಾಮಾ! ಅದು ತಿಂದೇ ಇಲ್ಲ!’
‘ನಾಳೆ ತಿನ್ನಿಸೋಣ.’
‘ಈಗ.’
‘ನಾಳೆ, ಮಾಮಾ.’
‘ಈಗ, ಮಾಮಾ.’

ಅವನು ಮೆಟ್ಟಿಲ ಬಾವಿಯೊಳಗೆ ಇಣುಕಿ ನೋಡಿದ.
ಅರ್ಧ ಉಳಿದ ರೊಟ್ಟಿಯನ್ನು ಬಾಗಿಲಿಗೆ ಒರಗಿಸಿಟ್ಟು
ಗುಂಡಿ ಒತ್ತಿದ.
ಇಳಿಯುವುದಕ್ಕೆ ಅದು
ದುಡ್ಡು ಕೇಳುವುದಿಲ್ಲ.